ಹಕ್ಕಲನ್ನು ಸುಗ್ಗಿಯೆಂದು ಮಾರುವವರು

ಗದ್ದೆಯ ಕೊಯ್ಲು ಮುಗಿದು ಹೊರೆಗಳೆಲ್ಲ ಕಣ ಸೇರಿದ ಮೇಲೆ, ಕೂಳೆಯ ನಡುವೆ ಉದುರಿದ ತೆನೆಗಳನ್ನು ಆಯ್ದುಕೊಳ್ಳುವವರು ಹಿಂದೆ ಊರೂರಿನಲ್ಲಿಯೂ ಇದ್ದರು. ಹಕ್ಕಲು ಆಯುವುದೆಂದು ಅದಕ್ಕೆ ಹೆಸರು. ಅದು ನಾಚಿಕೆಯ ಕೆಲಸವಲ್ಲ. ಬಿದ್ದ ಕಾಳು ಮಣ್ಣುಪಾಲಾಗದಂತೆ ಕಾಯುವ, ಬೆನ್ನು ಬಗ್ಗಿಸಿ ಮಾಡುವ ಮರ್ಯಾದೆಯ ಕೆಲಸ. ಆದರೆ ಮಡಿಲಲ್ಲಿದ್ದ ಹಕ್ಕಲು ಭತ್ತವನ್ನು ತೋರಿಸಿ, ಇದೇ ಈ ವರ್ಷದ ಸುಗ್ಗಿಯೆಂದು ಯಾವ ಒಕ್ಕಲೂ ಸಾರಿದ್ದಿಲ್ಲ. ಆ ಧೈರ್ಯ ಮಾಡಲು ನಗರದ ಕಟ್ಟಡ ಉದ್ಯಮವೇ ಬರಬೇಕಾಯಿತು.

ವಿಷಯ ದೊಡ್ಡ ಕಚೇರಿಗಳ ದೀಪಗಳಿಗೆ ಸಂಬಂಧಿಸಿದ್ದು. ನೂರಾರು ಕೋಣೆಗಳಿರುವ ಕಟ್ಟಡದಲ್ಲಿ ಯಾವ ಕೋಣೆಯಲ್ಲಿ ಜನರಿದ್ದಾರೆ, ಯಾವ ಕಿಟಕಿಯಿಂದ ಎಷ್ಟು ಬೆಳಕು ಬರುತ್ತಿದೆ ಎಂಬುದನ್ನು ಗಮನಿಸಿ, ದೀಪಗಳನ್ನು ತಾನಾಗಿ ಆರಿಸುವ ಅಥವಾ ಮಂದಗೊಳಿಸುವ ವ್ಯವಸ್ಥೆಗಳು ಬಂದು ದಶಕಗಳೇ ಕಳೆದಿವೆ. ಆ ವ್ಯವಸ್ಥೆಯ ಕಣ್ಣುಗಳಂತೆ ಕೆಲಸ ಮಾಡುವ ಪುಟ್ಟ ಪೆಟ್ಟಿಗೆಗಳೇ ಸಂವೇದಕಗಳು. ಮೊದಲು ಇವುಗಳಿಗೆ ಗೋಡೆ ಕೊರೆದು ತಂತಿ ಎಳೆಯಬೇಕಿತ್ತು. ಆಮೇಲೆ ತಂತಿಯ ಜಾಗಕ್ಕೆ ರೇಡಿಯೊ ಅಲೆ ಬಂತು. ಆದರೆ ಪ್ರತಿ ಪೆಟ್ಟಿಗೆಯೊಳಗೂ ಒಂದು ಬ್ಯಾಟರಿ ಸೇರಿಕೊಂಡಿತು. ತಂತಿಯೂ ಬೇಡ, ಬ್ಯಾಟರಿಯೂ ಬೇಡ ಎನ್ನುವ ಸಂವೇದಕಗಳು ಅದರ ಮುಂದಿನ ಹೆಜ್ಜೆ. ಬೆರಳಿನ ಒತ್ತಿನಿಂದಲೋ ಕೋಣೆಯ ಬೆಳಕಿನಿಂದಲೋ ತಮಗೆ ಬೇಕಾದ ಚೂರು ವಿದ್ಯುತ್ತನ್ನು ಅವು ತಾವೇ ಹುಟ್ಟಿಸಿಕೊಳ್ಳುತ್ತವೆ. ಎನರ್ಜಿ ಹಾರ್ವೆಸ್ಟಿಂಗ್ ಎಂದು ಇದರ ಹೆಸರು. ಕನ್ನಡದಲ್ಲಿ ಹೇಳುವುದಾದರೆ ಶಕ್ತಿಯ ಕೊಯ್ಲು. ಮೋಸವಿರುವುದು ಈ ಹೆಸರಿನಲ್ಲಿ.

ಯಂತ್ರದಲ್ಲಿ ಮೋಸವಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳಬೇಕು. ಹಳೆಯ ಸೈಕಲ್ಲಿನ ಡೈನಮೊ ನೋಡಿದವರಿಗೆ ಇದರ ಗುಟ್ಟು ತಿಳಿಯುವುದು ಕಷ್ಟವಲ್ಲ. ಚಕ್ರ ತಿರುಗಿದಾಗ ತಂತಿಯ ಸುರುಳಿಯ ಬಳಿ ಅಯಸ್ಕಾಂತ ತಿರುಗಿ ದೀಪ ಹೊತ್ತುವುದು ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ ತತ್ತ್ವದಿಂದ. ಬ್ಯಾಟರಿರಹಿತ ಸ್ವಿಚ್ಚಿನೊಳಗೂ ಒಂದು ಸುರುಳಿ, ಒಂದು ಅಯಸ್ಕಾಂತ ಇವೆ. ಬೆರಳು ಒತ್ತಿದಾಗ ಅಯಸ್ಕಾಂತದ ಹರಿವು ಫಕ್ಕನೆ ದಿಕ್ಕು ಬದಲಿಸುತ್ತದೆ, ಸುರುಳಿಯಲ್ಲಿ ಒಂದು ಮಿಡಿತದಷ್ಟು ವಿದ್ಯುತ್ ಹುಟ್ಟುತ್ತದೆ, ಆ ಮಿಡಿತದಲ್ಲಿಯೇ ದೀಪಕ್ಕೆ ರೇಡಿಯೊ ಸಂದೇಶ ಹೊರಟುಹೋಗುತ್ತದೆ. ಜರ್ಮನಿಯ ಸೀಮೆನ್ಸ್ ಸಂಸ್ಥೆಯಿಂದ ಕವಲೊಡೆದು 2001ರಲ್ಲಿ ಮ್ಯೂನಿಕ್ ಬಳಿ ಹುಟ್ಟಿದ ಎನ್‌ಓಷನ್ ಎಂಬ ಕಂಪನಿ ಇದನ್ನು ಮಾರುಕಟ್ಟೆಗೆ ತಂದಿತು. 2012ರಲ್ಲಿ ಇದರ ರೇಡಿಯೊ ಭಾಷೆಗೆ ಅಂತರರಾಷ್ಟ್ರೀಯ ಮಾನಕವೂ ದೊರೆಯಿತು.

ಒಂದು ಒತ್ತಿಗೆ ಸಿಗುವ ಶಕ್ತಿ ಸುಮಾರು 120ರಿಂದ 200 ಮೈಕ್ರೊಜೌಲ್. ಅಡಿಕೆ ಸೀಮೆಯವರಿಗೆ ಅರ್ಥವಾಗುವಂತೆ ಹೇಳುವುದಾದರೆ, ಏಳೆಂಟು ಗ್ರಾಂ ತೂಗುವ ಒಂದು ಚಾಲಿ ಅಡಿಕೆಯನ್ನು ನೆಲದಿಂದ ಎರಡು ಮಿಲಿಮೀಟರ್ ಎತ್ತಿದರೆ ಖರ್ಚಾಗುವಷ್ಟು. ಅಷ್ಟರಲ್ಲಿ ಆ ಪುಟ್ಟ ಯಂತ್ರ ತನ್ನ ಗುರುತನ್ನೂ ಆಜ್ಞೆಯನ್ನೂ ಒಂದಲ್ಲ, ಮೂರು ಸಲ ಹೇಳಿ ಮುಗಿಸುತ್ತದೆ. ಒಂದೊಂದು ಸಂದೇಶಕ್ಕೆ ಹಿಡಿಯುವುದು ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗ. ಕಟ್ಟಡದೊಳಗೆ ಸುಮಾರು ಮೂವತ್ತು ಮೀಟರ್ ದೂರದವರೆಗೆ ಅದು ಕೇಳಿಸುತ್ತದೆ. ಇಂಥ ಮಿತವ್ಯಯವನ್ನು ಮೆಚ್ಚದಿರುವುದು ಅಸೂಯೆಯಾದೀತು. ಹಾಗೆಂದು ಇದು ಹಿಂದೆಂದೂ ಕಾಣದ ಪವಾಡವೇನಲ್ಲ. ಬ್ಯಾಟರಿಯಿಲ್ಲದೆ ಆಕಾಶವಾಣಿಯನ್ನು ಕಿವಿಗೆ ತರುತ್ತಿದ್ದ ಹರಳಿನ ರೇಡಿಯೊಗಳನ್ನು ಕೈಯಾರೆ ಕಟ್ಟಿದ ಹಿರಿಯರು ಹಳ್ಳಿಗಳಲ್ಲಿಯೂ ಇದ್ದರು. ಅಮೆರಿಕದ ಜೆನಿತ್ ಕಂಪನಿ 1956ರಲ್ಲಿ ಹೊರತಂದ ಟೆಲಿವಿಷನ್ ರಿಮೋಟಿನಲ್ಲಿ ಬ್ಯಾಟರಿಯೇ ಇರಲಿಲ್ಲ. ಗುಂಡಿ ಒತ್ತಿದರೆ ಪುಟ್ಟ ಸುತ್ತಿಗೆಯೊಂದು ಅಲ್ಯುಮಿನಿಯಂ ಸರಳನ್ನು ಬಡಿಯುತ್ತಿತ್ತು, ಮನುಷ್ಯರಿಗೆ ಕೇಳದ ಆ ಸದ್ದನ್ನು ಟೆಲಿವಿಷನ್ ಕೇಳಿಸಿಕೊಳ್ಳುತ್ತಿತ್ತು. ಬ್ಯಾಟರಿ ಅಗ್ಗವಾದ ಮೇಲೆ ಜಗತ್ತು ಅದನ್ನು ಮರೆತಿತು.

ಎರಡನೆಯ ಬಗೆಯ ಸಂವೇದಕ ಬೆರಳನ್ನೂ ಕೇಳುವುದಿಲ್ಲ. ಚಾವಣಿಗೆ ಅಂಟಿಕೊಂಡು, ಅಂಚೆಚೀಟಿಯ ಎರಡು ಮೂರು ಪಟ್ಟು ಅಗಲದ ಸೌರಕೋಶದಿಂದ ಕೋಣೆಯ ಬೆಳಕನ್ನೇ ಹೀರಿ ಬದುಕುತ್ತದೆ. ಬೇಸಿಗೆಯ ನಡುಹಗಲಿನ ಬಯಲಲ್ಲಿ ಬೆಳಕಿನ ಪ್ರಮಾಣ ಸುಮಾರು ಒಂದು ಲಕ್ಷ ಲಕ್ಸ್. ಕಚೇರಿಯ ಮೇಜಿನ ಮೇಲೆ ಇರುವುದು ಮುನ್ನೂರರಿಂದ ಐನೂರು. ಆ ಮಬ್ಬಿನಲ್ಲಿ ಚದರ ಸೆಂಟಿಮೀಟರಿಗೆ ಕೆಲವೇ ಮೈಕ್ರೊವಾಟ್ ದೊರೆಯುತ್ತದೆ. ಅದನ್ನು ಕೆಪಾಸಿಟರಿನಲ್ಲಿ ಕೂಡಿಟ್ಟು, ರಾತ್ರಿಯನ್ನೂ ರಜಾದಿನವನ್ನೂ ದಾಟಿ, ಜನ ಬಂದಾಗ ಬಂದರೆಂದು, ಹೋದಾಗ ಹೋದರೆಂದು ಅದು ವರದಿ ಮಾಡುತ್ತದೆ. ಆದರೆ ಪರದೆ ಎಳೆದ ಕೋಣೆಯಲ್ಲಿ ಅದು ಹೀರುವ ಬೆಳಕು ಎಲ್ಲಿಯದು? ದೀಪದ್ದೇ. ದೀಪದ ವಿದ್ಯುತ್ ಎಲ್ಲಿಯದು? ಶರಾವತಿಯದೋ ಕಾಳಿಯದೋ ರಾಯಚೂರಿನ ಕಲ್ಲಿದ್ದಲಿನದೋ. ಯಾರದೋ ಗದ್ದೆಯಲ್ಲಿ ಬೆಳೆದ ತೆನೆ, ಯಾರದೋ ಗಾಡಿಯಿಂದ ಉದುರಿದ ಕಾಳು. ಆಯ್ದವರು ಅದಕ್ಕೆ ಕೊಯ್ಲೆಂದು ಹೆಸರಿಟ್ಟರೆ ಬೆಳೆದವರ ಹೆಸರು ಅಳಿಸಿಹೋಗುತ್ತದೆ. ಮಲೆನಾಡಿನವರು ಈ ಪದದ ಬಗ್ಗೆ ತಕರಾರು ತೆಗೆಯಬೇಕಾದದ್ದು ವ್ಯಾಕರಣದ ಕಾರಣಕ್ಕಲ್ಲ.

ಹಾಗಾದರೆ ಈ ಹಕ್ಕಲಿನಿಂದ ಉಳಿಯುವುದೇನು? ಮೊದಲನೆಯದಾಗಿ ಬ್ಯಾಟರಿ ಉಳಿಯುತ್ತದೆ, ಅದು ಸಣ್ಣ ಮಾತಲ್ಲ. ಎರಡು ಸಾವಿರ ಸಂವೇದಕಗಳಿರುವ ಕಟ್ಟಡವೊಂದನ್ನು ಊಹಿಸಿಕೊಂಡು, ಒಂದು ಬ್ಯಾಟರಿ ಐದು ವರ್ಷ ಬಾಳುತ್ತದೆಂದು ಉದಾರವಾಗಿಯೇ ಎಣಿಸಿದರೂ, ವರ್ಷಕ್ಕೆ ನಾನೂರು ಬ್ಯಾಟರಿಗಳು ಕಸವಾಗುತ್ತವೆ. ದಿನಕ್ಕೊಂದಕ್ಕಿಂತ ಹೆಚ್ಚು. ಏಣಿ ಹಿಡಿದು ಅದನ್ನು ಬದಲಿಸಲು ಒಬ್ಬ ನೌಕರ ಬೇಕು. ಬದಲಿಸದಿದ್ದರೆ ಸಂವೇದಕ ಸಾಯುತ್ತದೆ, ದೀಪ ಹಗಲಿರುಳೂ ಉರಿಯುತ್ತದೆ. ನೌಕರರ ಕೊರತೆಯಿರುವ ಕಚೇರಿಗಳಲ್ಲಿ ಸತ್ತ ಸಂವೇದಕವನ್ನು ಬದಿಗೊತ್ತಿ, ತಂತಿಗೆ ತಂತಿ ಸುತ್ತಿ ದೀಪವನ್ನು ನೇರವಾಗಿ ಹೊತ್ತಿಸಿಬಿಡುವುದೇ ರೂಢಿ. ಬ್ಯಾಟರಿಗಳ ವಿಲೇವಾರಿಗೆ ಈ ದೇಶದಲ್ಲಿ 2001ರಲ್ಲೊಂದು ನಿಯಮ ಬಂತು, 2022ರಲ್ಲಿ ಅದರ ಜಾಗಕ್ಕೆ ಇನ್ನೂ ವಿಸ್ತಾರವಾದ ಹೊಸ ನಿಯಮ ಬಂತು. ನಿಯಮಗಳು ಬಂದುವೆಂದ ಮಾತ್ರಕ್ಕೆ ಹಳ್ಳದ ದಂಡೆಗೆ ಎಸೆದ ಟಾರ್ಚಿನ ಸೆಲ್ಲುಗಳು ತಾವಾಗಿ ಎದ್ದು ಕಾರ್ಖಾನೆಗೆ ಹೋಗಲಿಲ್ಲ. ಗುಂಡಿಯಾಕಾರದ ಬ್ಯಾಟರಿಗೆ ಬೇಕಾದ ಲಿಥಿಯಂ ಕೂಡ ಎಲ್ಲಿಯೋ ಒಂದೆಡೆ ಯಾರದೋ ನೆಲವನ್ನು ಬಗೆದು ತೆಗೆದದ್ದೇ. ಬೇಡವಾದ ಬ್ಯಾಟರಿಯಷ್ಟು ಒಳ್ಳೆಯ ಬ್ಯಾಟರಿ ಬೇರೊಂದಿಲ್ಲ.

ಎರಡನೆಯದಾಗಿ ಗೋಡೆ ಉಳಿಯುತ್ತದೆ. ಹಳೆಯ ಶಾಲೆ, ಗ್ರಂಥಾಲಯ, ತಾಲೂಕು ಕಚೇರಿಗಳ ಸುಣ್ಣದ ಗಾರೆಯ ಗೋಡೆಗಳನ್ನು ಕೊರೆಯದೆ, ತಾಮ್ರದ ತಂತಿ ಎಳೆಯದೆ, ಬೇಕಾದಲ್ಲಿ ಸ್ವಿಚ್ಚು ಅಂಟಿಸಬಹುದು.

ಮೂರನೆಯದು ನಿಜವಾದ ಉಳಿತಾಯ, ಅಂದರೆ ಆರಿದ ದೀಪ. ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2006ರಲ್ಲಿ ಕೊಟ್ಟ ಲೆಕ್ಕದಂತೆ ಜಗತ್ತಿನ ವಿದ್ಯುತ್ತಿನಲ್ಲಿ ಶೇಕಡಾ 19ರಷ್ಟು ದೀಪಗಳಿಗೆ ಹೋಗುತ್ತಿತ್ತು. ಎಲ್‌ಇಡಿ ಬಂದ ಮೇಲೆ ಆ ಪಾಲು ಇಳಿದಿದೆ. ದೀಪ ನಿಯಂತ್ರಣದಿಂದ ಉಳಿಯುವುದೆಷ್ಟು ಎಂಬುದನ್ನು ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯ 2011ರಲ್ಲಿ 88 ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡಿತು. ಜನರಿಲ್ಲದಾಗ ಆರಿಸುವ ಸಂವೇದಕಗಳಿಂದ ದೀಪದ ಖರ್ಚಿನಲ್ಲಿ ಸರಾಸರಿ ಶೇ. 24, ಹಗಲಿನ ಬೆಳಕನ್ನು ನೋಡಿ ಮಂದಗೊಳಿಸುವುದರಿಂದ ಶೇ. 28, ಹಲವು ಕ್ರಮಗಳನ್ನು ಜೊತೆಗೂಡಿಸಿದರೆ ಶೇ. 38 ಉಳಿಯುತ್ತದೆಂದು ಅದು ಕಂಡುಕೊಂಡಿತು. ಅದೇ ವರದಿಯಲ್ಲಿ ಮಾರಾಟಗಾರರು ಓದಿ ಹೇಳದ ಇನ್ನೊಂದು ಮಾತೂ ಇದೆ. ಹಗಲಬೆಳಕಿನ ವಿಷಯದಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ ಉಳಿತಾಯ, ನಿಜವಾದ ಕಟ್ಟಡದಲ್ಲಿ ಅಳೆದು ಕಂಡ ಉಳಿತಾಯಕ್ಕಿಂತ ಹೆಚ್ಚಾಗಿಯೇ ಇರುತ್ತದೆ. ಕೃಷಿ ಸಂಶೋಧನಾ ಕೇಂದ್ರದ ತಾಕಿನ ಇಳುವರಿಗೂ ರೈತನ ಹೊಲದ ಇಳುವರಿಗೂ ಇರುವ ಅಂತರವನ್ನು ಬಲ್ಲವರಿಗೆ ಇದು ಆಶ್ಚರ್ಯವಲ್ಲ.

ಈ ಅಂಕಿಗಳಲ್ಲಿ ಗಮನಿಸಬೇಕಾದದ್ದು, ಉಳಿತಾಯ ಹುಟ್ಟಿದ್ದು ದೀಪ ಆರಿದ್ದರಿಂದ. ಸಂವೇದಕ ಕೊಯ್ದುಕೊಂಡ ಮೈಕ್ರೊಜೌಲುಗಳಿಂದಲ್ಲ. ಹತ್ತು ವಾಟಿನ ಒಂದು ಎಲ್‌ಇಡಿ ದೀಪವನ್ನು ಒಂದೇ ಒಂದು ಸೆಕೆಂಡು ಉರಿಸಬೇಕಾದರೆ ಆ ಸ್ವಿಚ್ಚನ್ನು ಐವತ್ತು ಸಾವಿರ ಸಲ ಒತ್ತಬೇಕು. ಹೀಗಿರುವಾಗ 'ತಾನೇ ಶಕ್ತಿ ಉತ್ಪಾದಿಸುವ ಕಟ್ಟಡ' ಎಂಬ ಫಲಕಕ್ಕೆ ಈ ಸ್ವಿಚ್ಚನ್ನು ಸಾಕ್ಷಿ ನಿಲ್ಲಿಸುವುದು ಎಂಥ ಲೆಕ್ಕ?

ಲೆಕ್ಕದ ಇನ್ನೊಂದು ಬದಿ ಇನ್ನಷ್ಟು ಕುತೂಹಲಕರವಾಗಿದೆ. ಹೇಳುವವನು ಒಂದು ಮಿಡಿತದಲ್ಲಿ ಹೇಳಿ ಸುಮ್ಮನಾಗುತ್ತಾನೆ. ಕೇಳುವವನು ಮಾತ್ರ ಸದಾ ಎಚ್ಚರವಿರಬೇಕು. ಸಂದೇಶ ಯಾವಾಗ ಬರುತ್ತದೋ ತಿಳಿಯದ್ದರಿಂದ ದೀಪದೊಳಗಿನ ರೇಡಿಯೊ ಗ್ರಾಹಕ ದೀಪ ಆರಿದ್ದಾಗಲೂ ಕಿವಿ ತೆರೆದೇ ಕುಳಿತಿರುತ್ತದೆ. ದೀಪೋಪಕರಣಗಳು ಹೀಗೆ ಕಾದು ಕುಳಿತಿರುವಾಗ ಅರ್ಧ ವಾಟಿಗಿಂತ ಹೆಚ್ಚು ಬಳಸಕೂಡದೆಂದು ಐರೋಪ್ಯ ಒಕ್ಕೂಟ 2019ರಲ್ಲಿ ಮಾಡಿದ ನಿಯಮ ಹೇಳುತ್ತದೆ. ಆ ಮಿತಿಯನ್ನೇ ಹಿಡಿದು ಎಣಿಸಿದರೂ, ಅರ್ಧ ವಾಟಿನ ಕಿವಿ ಒಂದು ಒತ್ತಿನ ಇಡೀ ಕೊಯ್ಲನ್ನು ಒಂದು ಸೆಕೆಂಡಿನ ಎರಡು ಸಾವಿರದಲ್ಲೊಂದು ಭಾಗಕ್ಕೂ ಕಡಿಮೆ ಸಮಯದಲ್ಲಿ ನುಂಗಿ ಮುಗಿಸುತ್ತದೆ. ಇಂಥ ಎರಡು ಸಾವಿರ ದೀಪಗಳಿದ್ದರೆ, ಎಲ್ಲ ಆರಿದ್ದಾಗಲೂ, ಒಂದು ಕಿಲೋವಾಟ್ ನಿರಂತರವಾಗಿ ಸೋರುತ್ತಿರುತ್ತದೆ: ವರ್ಷಕ್ಕೆ 8,760 ಯೂನಿಟ್. ತೂತು ಕಣಜದ ಕೆಳಗೆ ಕುಳಿತು ಹಕ್ಕಲು ಆಯ್ದಂತೆ. ಇದಕ್ಕೆ ಪರಿಹಾರವಿಲ್ಲವೆಂದಲ್ಲ. ದೀಪಕ್ಕೊಂದು ಕಿವಿಯ ಬದಲು ಒಂದು ಪಡಸಾಲೆಗೊಂದು ಕಿವಿ ಇಟ್ಟು, ಅದರಿಂದ ಸಾಲಿನ ದೀಪಗಳನ್ನೆಲ್ಲ ಹಳೆಯ ಪದ್ಧತಿಯಂತೆ ತಂತಿಯಲ್ಲಿಯೇ ಕಡಿದುಬಿಟ್ಟರೆ ಸೋರಿಕೆ ಬಹುಪಾಲು ನಿಲ್ಲುತ್ತದೆ. ಆದರೆ ದೀಪದೀಪಕ್ಕೂ ಬಣ್ಣ ಬದಲಿಸುವ, ಮೊಬೈಲಿನಿಂದ ಆಡಿಸುವ ಶೋಕಿಗೆ ಮಾರುಕಟ್ಟೆಯಲ್ಲಿ ಬೆಲೆ ಹೆಚ್ಚು.

ಇಷ್ಟೆಲ್ಲ ಸಂವೇದಕಗಳ ಅಗತ್ಯ ಹುಟ್ಟಿದ್ದಾದರೂ ಏಕೆ? ಹದಿಮೂರು ಡಿಗ್ರಿ ಅಕ್ಷಾಂಶದ ಬೆಂಗಳೂರಿನಲ್ಲಿ, ವರ್ಷದ ಬಹುಪಾಲು ದಿನ ಬೆಳಕು ಸುರಿಯುವ ಊರಿನಲ್ಲಿ, ಆಳೆತ್ತರದ ಗಾಜಿನ ಗೋಡೆ ನಿಲ್ಲಿಸುತ್ತಾರೆ. ಗಾಜಿನಿಂದ ಸೆಕೆ ನುಗ್ಗುತ್ತದೆ, ಕಂಪ್ಯೂಟರಿನ ತೆರೆ ಕಣ್ಣಿಗೆ ಕುಕ್ಕುತ್ತದೆ. ಆದ್ದರಿಂದ ಪರದೆ ಎಳೆಯುತ್ತಾರೆ. ಪರದೆ ಎಳೆದಾಗ ಕತ್ತಲಾಗುತ್ತದೆ, ನಡುಹಗಲಿನಲ್ಲಿ ದೀಪ ಹೊತ್ತಿಸುತ್ತಾರೆ. ದೀಪದ ಶಾಖವನ್ನೂ ಗಾಜಿನ ಶಾಖವನ್ನೂ ಹೊರದೂಡಲು ಹವಾನಿಯಂತ್ರಕ ಓಡಿಸುತ್ತಾರೆ. ಕೊನೆಯಲ್ಲಿ ಹಗಲಬೆಳಕು ಎಷ್ಟಿದೆಯೆಂದು ಅಳೆಯಲು ಸಂವೇದಕ ತರಿಸಿ ಹಸಿರು ಕಟ್ಟಡವೆಂದು ಬರೆಸಿಕೊಳ್ಳುತ್ತಾರೆ. ಮಲೆನಾಡಿನ ಮನೆ ಕಟ್ಟಿದ ಬಡಗಿಗೆ ಈ ಸುತ್ತುಬಳಸು ತಿಳಿದಿರಲಿಲ್ಲ. ಹೆಂಚಿನ ಸಾಲಿನಲ್ಲಿ ಒಂದು ಗಾಜಿನ ಹೆಂಚನ್ನಿಟ್ಟು ಬೆಳಕಿಂಡಿ ಮಾಡಿದ. ಆಷಾಢದ ಮೋಡದಲ್ಲಿಯೂ ಅಡುಗೆಮನೆಯ ಒಲೆಯ ಮುಂದೆ ಅಕ್ಕಿಯ ಕಲ್ಲು ಕಾಣುತ್ತಿತ್ತು. ಹಾಗೆಂದು ಹಳೆಯ ಮನೆಗಳೆಲ್ಲ ಬೆಳಕಿನ ಆಗರವಾಗಿದ್ದವೆಂದು ಹೊಗಳುವುದೂ ಸುಳ್ಳೇ. ನಡುಮನೆಯ ಕತ್ತಲೆಯಲ್ಲಿ ಹೊಗೆ ಕುಡಿದು ಕಣ್ಣು ಕಳೆದುಕೊಂಡ ಅಜ್ಜಿಯರನ್ನು ಕೇಳಬೇಕು.

ಕಾನೂನು ಇಲ್ಲವೇ ಎಂದರೆ, ಇದೆ. 2001ರ ಇಂಧನ ಸಂರಕ್ಷಣಾ ಕಾಯ್ದೆಯಡಿ 2007ರಲ್ಲಿ ಕಟ್ಟಡಗಳಿಗೆಂದೇ ಸಂಹಿತೆ ಬಂತು, 2017ರಲ್ಲಿ ಪರಿಷ್ಕರಣೆಯೂ ಆಯಿತು. 100 ಕಿಲೋವಾಟ್ ಅಥವಾ ಅದಕ್ಕೂ ಹೆಚ್ಚಿನ ಸಂಪರ್ಕಿತ ಹೊರೆಯ ವಾಣಿಜ್ಯ ಕಟ್ಟಡಗಳನ್ನು ಗುರಿಯಾಗಿಸಿದ ಆ ಸಂಹಿತೆ, ದೀಪಗಳು ತಾವಾಗಿ ಆರುವ ವ್ಯವಸ್ಥೆಯನ್ನೂ ಕಿಟಕಿಯ ಪಕ್ಕದ ದೀಪಗಳಿಗೆ ಬೇರೆಯೇ ನಿಯಂತ್ರಣವನ್ನೂ ಕೇಳುತ್ತದೆ. ಆದರೆ ನಕ್ಷೆಗೆ ಒಪ್ಪಿಗೆ ಕೊಡುವಾಗ ಕಾಗದದಲ್ಲಿ ಕಾಣುವ ಸಂವೇದಕ ಐದು ವರ್ಷಗಳ ನಂತರವೂ ಜೀವಂತವಿದೆಯೇ ಎಂದು ಹೋಗಿ ನೋಡುವವರು ಬೇಕು. ಬ್ಯಾಟರಿಯಿಲ್ಲದ ಸಂವೇದಕಕ್ಕೆ ನಿಜವಾದ ಬೆಲೆಯಿರುವುದು ಇಲ್ಲಿ: ನೋಡುವವರಿಲ್ಲದಿದ್ದರೂ ಅದು ಬಾಳಬಲ್ಲದು. ಆ ಗುಣಕ್ಕಾಗಿ ಅದನ್ನು ಬಳಸಬೇಕು, ಕಡ್ಡಾಯವನ್ನೂ ಮಾಡಬೇಕು. ಕೊಯ್ಲಿನ ಕಥೆಗಾಗಿ ಅಲ್ಲ.

ಇನ್ನು ಘಟ್ಟದ ಮಾತು. ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿದೀಪಗಳು ಹೊತ್ತಿದವು. ಅಂದಿನಿಂದ ನಗರದ ದೀಪದ ಬತ್ತಿ ನದಿಯಲ್ಲಿಯೇ ಅದ್ದಿದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಸುಮಾರು 300 ಚದರ ಕಿಲೋಮೀಟರ್ ನೆಲ ನೀರಿನಡಿಗೆ ಹೋಯಿತು. ಗದ್ದೆ, ತೋಟ, ಮನೆ, ದೇವರಬನ ಬಿಟ್ಟು ಹೊರಟವರ ಮಕ್ಕಳು, ಮೊಮ್ಮಕ್ಕಳು ಭೂಮಿಯ ಹಕ್ಕುಪತ್ರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದರು. ಹಿನ್ನೀರಿನ ಆಚೆ ಉಳಿದ ತುಮರಿಯ ಕಡೆಯವರು ಲಾಂಚಿನ ಶಿಳ್ಳೆಗೆ ಕಾದು ಕಾದು, ಅಂಬಾರಗೊಡ್ಲು ಕಳಸವಳ್ಳಿ ಸೇತುವೆಯನ್ನು ಕಂಡದ್ದು 2025ರ ಜುಲೈನಲ್ಲಿ. ದೀಪ ಹೋಗುವ ವೇಗಕ್ಕೂ ಸೇತುವೆ ಬರುವ ವೇಗಕ್ಕೂ ಅರವತ್ತೊಂದು ವರ್ಷಗಳ ವ್ಯತ್ಯಾಸ.

ಅದೇ ಕಣಿವೆಯ ಮೇಲೆ ಈಗ 2,000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾವ ಕುಳಿತಿದೆ. ಕೆಳಗಿನ ಗೇರುಸೊಪ್ಪೆಯ ಜಲಾಶಯದಿಂದ ಮೇಲಿನ ತಲಕಳಲೆಗೆ ನೀರೆತ್ತಿ, ಬೇಡಿಕೆ ಏರಿದಾಗ ಮತ್ತೆ ಕೆಳಗಿಳಿಸಿ ವಿದ್ಯುತ್ ತೆಗೆಯುವ ಯೋಜನೆ ಅದು. ಎತ್ತಲು ಬೇಕಾದ ವಿದ್ಯುತ್ ಇಳಿಸಿದಾಗ ಸಿಗುವುದಕ್ಕಿಂತ ಹೆಚ್ಚು. ಇದು ಆಕ್ಷೇಪವಲ್ಲ, ಇಂಥ ಎಲ್ಲ ಯೋಜನೆಗಳ ಭೌತಶಾಸ್ತ್ರ. ಆಕ್ಷೇಪವಿರುವುದು ಸುರಂಗ, ರಸ್ತೆ, ಕಡಿಯಬೇಕಾದ ಮರಗಳ ಬಗ್ಗೆ. 2019ರಲ್ಲಿ ಸಿಂಗಳೀಕ ಅಭಯಾರಣ್ಯವೆಂದು ಸರ್ಕಾರವೇ ಘೋಷಿಸಿದ ಕಾಡಿನ ಬಗ್ಗೆ. ಹೊಸ ವಿದ್ಯುತ್ತನ್ನು ಹುಟ್ಟಿಸದ, ಕೇವಲ ಹೊತ್ತು ಬದಲಿಸುವ ಯೋಜನೆಗಾಗಿ ಕಾಡು ಕೇಳುವವರು, ಆ ಹೊತ್ತಿನ ಬೇಡಿಕೆಯನ್ನು ತಗ್ಗಿಸಲು ಏನು ಮಾಡಿದರೆಂದು ಮೊದಲು ಹೇಳಬೇಕಲ್ಲವೇ?

ಇಲ್ಲಿ ಚಳವಳಿಯವರ ಲೆಕ್ಕವೂ ಪ್ರಾಮಾಣಿಕವಾಗಿರಬೇಕು. ಕಚೇರಿಯ ಸ್ವಿಚ್ಚುಗಳನ್ನು ಬದಲಿಸಿದರೆ 2,000 ಮೆಗಾವಾಟಿನ ಅಗತ್ಯವೇ ಇರುವುದಿಲ್ಲವೆಂದು ವೇದಿಕೆಯ ಮೇಲೆ ಯಾರಾದರೂ ಕೂಗಿದರೆ ಅದು ಇನ್ನೊಂದು ಬಗೆಯ ಹಕ್ಕಲು ವ್ಯಾಪಾರ. ಕಚೇರಿ ಕಟ್ಟಡದಲ್ಲಿ ಹವಾನಿಯಂತ್ರಕದ ಖರ್ಚು ದೀಪದ ಖರ್ಚಿಗಿಂತ ದೊಡ್ಡದು. ಹಗಲಬೆಳಕಿನ ಸಂವೇದಕ ಉಳಿಸುವುದು ಹಗಲಿನಲ್ಲಿ, ಅಂದರೆ ಸೌರವಿದ್ಯುತ್ ಧಾರಾಳವಾಗಿರುವ ಹೊತ್ತಿನಲ್ಲಿ. ಗ್ರಿಡ್ಡಿಗೆ ಉಸಿರು ಕಟ್ಟುವುದು ಸಂಜೆಗೆ. ಆದರೆ ಸಂಜೆ ಏಳರಿಂದ ಹತ್ತರವರೆಗೆ, ನೌಕರರು ಮನೆಗೆ ಹೋದ ಮೇಲೂ ಮಹಡಿ ಮಹಡಿಯಾಗಿ ಬೆಳಗುವ ಖಾಲಿ ಕಚೇರಿಗಳು, ಜಾಹೀರಾತು ಫಲಕಗಳು, ವಾಹನ ನಿಲ್ದಾಣಗಳು ಆ ಸಂಜೆಯ ಹೊರೆಯಲ್ಲಿಯೇ ಸೇರಿವೆ. ಜನರಿಲ್ಲವೆಂದು ಗುರುತಿಸಿ ದೀಪ ಆರಿಸುವ ಸಂವೇದಕ ಕೆಲಸ ಮಾಡುವುದು ಸರಿಯಾಗಿ ಆ ಹೊತ್ತಿನಲ್ಲಿ. ಆರಿದ ಪ್ರತಿ ದೀಪದೊಡನೆ ಹವಾನಿಯಂತ್ರಕದ ಹೊರೆಯೂ ಒಂದಿಷ್ಟು ಇಳಿಯುತ್ತದೆ. ಒಟ್ಟು ಎಷ್ಟಾದೀತು? ಹತ್ತು ಮೆಗಾವಾಟೋ ನೂರು ಮೆಗಾವಾಟೋ, ಅಳೆದೇ ಹೇಳಬೇಕಾದ ಮಾತು. ಅಳೆಯುವ ಯಂತ್ರಗಳು ಅದೇ ಕಟ್ಟಡಗಳಲ್ಲಿವೆ, ಮೀಟರುಗಳು ವಿದ್ಯುತ್ ಸರಬರಾಜು ಕಂಪನಿಗಳ ಕೈಯಲ್ಲಿವೆ.

ಮಲೆನಾಡಿನ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇಲ್ಲೊಂದು ಕೆಲಸವಿದೆ. ಎಂಜಿನಿಯರಿಂಗ್ ಓದುವವರು ಕೊನೆಯ ವರ್ಷದ ಪ್ರಾಜೆಕ್ಟಿಗೆ ಪೇಟೆಯಿಂದ ತಂದ ಸಂವೇದಕವನ್ನು ಹಲಗೆಗೆ ಬಿಗಿದು ಪ್ರದರ್ಶಿಸುತ್ತಾರೆ. ಅದರ ಬದಲು ತಮ್ಮದೇ ಹಾಸ್ಟೆಲ್ಲಿನ ಪಡಸಾಲೆಯ ದೀಪಗಳು ಒಂದು ತಿಂಗಳಲ್ಲಿ ಎಷ್ಟು ಗಂಟೆ ಯಾರೂ ಇಲ್ಲದೆ ಉರಿದವೆಂದು ಮೊದಲು ಬರೆದಿಡಲಿ. ಎರಡನೆಯ ತಿಂಗಳು ಬ್ಯಾಟರಿಯಿಲ್ಲದ ಸಂವೇದಕವೊಂದನ್ನು ಕಟ್ಟಿ, ಅದನ್ನು ಆಲಿಸುವ ಗ್ರಾಹಕದ ಖರ್ಚನ್ನೂ ಕಳೆದು, ಉಳಿದದ್ದೆಷ್ಟೆಂದು ಮೀಟರಿನಲ್ಲಿಯೇ ನೋಡಲಿ. ಆಷಾಢದ ಮೋಡದಲ್ಲಿ ಮಲೆನಾಡಿನ ಒಳಕೋಣೆಯ ಬೆಳಕು ಅದರ ಸೌರಕೋಶಕ್ಕೆ ಸಾಕಾಗುತ್ತದೆಯೋ ಇಲ್ಲವೋ ಎಂಬುದು ಮ್ಯೂನಿಕ್ಕಿನವರು ಅಳೆದುಕೊಡುವ ಸಂಗತಿಯಲ್ಲ. ಆ ಅಂಕಿಗಳು ಎಷ್ಟೇ ಸಣ್ಣವಾಗಿರಲಿ, ಸಾರ್ವಜನಿಕ ಅಹವಾಲು ಸಭೆಯಲ್ಲಿ ಎದ್ದು ನಿಂತವರ ಕೈಯಲ್ಲಿ ಅವು ಘೋಷಣೆಗಿಂತ ಭಾರವಾಗಿರುತ್ತವೆ.

ಸರ್ಕಾರದಿಂದ ಕೇಳಬೇಕಾದದ್ದೂ ಹೆಚ್ಚೇನಿಲ್ಲ. ಬೆಂಗಳೂರಿನಲ್ಲಿ ಸಂಹಿತೆಗೆ ಒಳಪಟ್ಟ ಕಟ್ಟಡಗಳೆಷ್ಟು, ಅವುಗಳಲ್ಲಿ ದೀಪ ನಿಯಂತ್ರಣ ಇಂದಿಗೂ ಕೆಲಸ ಮಾಡುತ್ತಿರುವವು ಎಷ್ಟು, ರಾತ್ರಿ ಒಂಬತ್ತು ಗಂಟೆಗೆ ಅವುಗಳ ಹೊರೆಯೆಷ್ಟು. ಈ ಮೂರು ಸಂಖ್ಯೆಗಳನ್ನು ಕಾರ್ಗಲ್ಲಿನಲ್ಲಿಯೂ ಗೇರುಸೊಪ್ಪೆಯಲ್ಲಿಯೂ ಕನ್ನಡದಲ್ಲಿ ಓದಿ ಹೇಳಲಿ. ಅಲ್ಲಿಯವರೆಗೆ ತಲಕಳಲೆಯ ದಂಡೆಯಲ್ಲಿ ಮರಗಳಿಗೆ ನಂಬರು ಬರೆಯುವ ಬಣ್ಣದ ಡಬ್ಬಿಯನ್ನು ಮುಚ್ಚಿಡಲಿ.